ಆನ್‌ಲೈನ್ ಎಂಬಿಎ ಸೇರೋಣ ಅಂತಿದೀನಿ, ಯೂನಿವರ್ಸಿಟಿ ಅಸಲಿನಾ ಅಂತ ನೋಡೋದು ಹೇಗೆ?

ತೆಂಗಿನಗರಿ_ತಿಪಟೂರು

ಎಲ್ಲರಿಗೂ ನಮಸ್ಕಾರ. 2019ರಲ್ಲಿ ತಿಪಟೂರಲ್ಲಿ ಬಿಕಾಂ ಮುಗಿಸಿ ಬೆಂಗಳೂರಿಗೆ ಬಂದೆ, ಒಂದು ಕಂಪನಿಯಲ್ಲಿ ಅಕೌಂಟ್ಸ್ ಪೇಯಬಲ್ ಕೆಲಸ. ಆರು ವರ್ಷ ಆಯ್ತು. ಟೀಮ್ ಲೀಡ್ ಆಗ್ಬೇಕಂದ್ರೆ ಪಿಜಿ ಇರ್ಲೇಬೇಕು ಅಂತ ಮ್ಯಾನೇಜರ್ ಬಾಯ್ಬಿಟ್ಟೇ ಹೇಳಿದಾರೆ. ಕೆಲಸ ಬಿಟ್ಟು ಓದೋ ಹಾಗಿಲ್ಲ, ಊರಲ್ಲಿ ಮನೆ ಕಟ್ಟಿದ ಸಾಲ ಇನ್ನೂ ಇದೆ.

ಅದಕ್ಕೆ ಆನ್‌ಲೈನ್ ಎಂಬಿಎ ನೋಡ್ತಾ ಇದ್ದೆ, ಒಂದು ಸೈಟಲ್ಲಿ ಬ್ರೋಶರ್ ಬೇಕು ಅಂತ ನಂಬರ್ ಕೊಟ್ಟೆ ನೋಡಿ, ಅವತ್ತಿಂದ ಫೋನು ಕೆಳಗಿಡೋಕೆ ಬಿಡ್ತಿಲ್ಲ, ಊಟಕ್ಕೆ ಕೂತ್ರೂ ಕಾಲ್, ಬಸ್ಸಲ್ಲಿ ನಿಂತಿದ್ರೂ ಕಾಲ್. ಒಬ್ಬ 'ಯುಜಿಸಿ ಅಪ್ರೂವ್ಡ್ ಸಾರ್, ನ್ಯಾಕ್ ಎ ಪ್ಲಸ್ ಸಾರ್, ಡಬ್ಲ್ಯುಇಎಸ್ ಅಪ್ರೂವ್ಡ್ ಸಾರ್, ಇವತ್ತು ರಾತ್ರಿ 12ರ ಒಳಗೆ ಕಟ್ಟಿದ್ರೆ 20 ಸಾವಿರ ಸ್ಕಾಲರ್‌ಶಿಪ್' ಅಂತಾನೆ. ಇನ್ನೊಬ್ಬಳು ಯುರೋಪಿನ ಯಾವುದೋ ಯೂನಿವರ್ಸಿಟಿ ಎಂಬಿಎ ಒಂದೇ ವರ್ಷದಲ್ಲಿ ಕೊಡಿಸ್ತೀನಿ ಅಂತಾಳೆ. ನಮ್ಮ ಮಾವನ್ನ ಕೇಳಿದ್ರೆ 'ಆನ್‌ಲೈನ್ ಡಿಗ್ರಿ ಅಂದ್ರೆ ದುಡ್ಡು ಕೊಟ್ಟು ಕಾಗದ ತಗೊಳ್ಳೋದು, ಸುಮ್ನೆ ಮುಕ್ತ ವಿವಿಗೆ ಸೇರು' ಅಂತಾರೆ.

ಯಾರನ್ನ ನಂಬ್ಲಿ? ಮಾನ್ಯತೆ ಇದೆಯಾ ಅಂತ ನಾನೇ ನೋಡ್ಕೊಳ್ಳೋಕೆ ಆಗುತ್ತಾ? ಜನವರಿ ಬ್ಯಾಚ್‌ಗೆ ಸೇರ್ಬೇಕು ಅಂತಿದೀನಿ.

---

ಮೈಸೂರ್_ಮಂಡಕ್ಕಿ

ಮೊದಲು ಆ ರಾತ್ರಿ 12 ಗಂಟೆಯವನ ನಂಬರ್ ಬ್ಲಾಕ್ ಮಾಡಿ. ನಾಳೆನೂ ಅದೇ ಆಫರ್ ಇರುತ್ತೆ, ನಾಡಿದ್ದೂ ಇರುತ್ತೆ.

ನಿಮ್ಮ ಪ್ರಶ್ನೆಲೇ ಒಂದು ಸಣ್ಣ ಎಡವಟ್ಟಿದೆ ಬ್ರದರ್. ಯೂನಿವರ್ಸಿಟಿ ಅಸಲಿನಾ ಅಂತ ಕೇಳ್ತಿದೀರ, ಯೂನಿವರ್ಸಿಟಿ ಅಸಲಿನೇ ಇರುತ್ತೆ, ಆದ್ರೂ ನಿಮ್ಮ ಡಿಗ್ರಿ ಕೆಲಸಕ್ಕೆ ಬಾರದೇ ಹೋಗಬಹುದು. ಯಾಕಂದ್ರೆ ಆನ್‌ಲೈನ್ ಮತ್ತೆ ಡಿಸ್ಟೆನ್ಸ್ ವಿಷಯದಲ್ಲಿ ಯುಜಿಸಿ (ಯೂನಿವರ್ಸಿಟಿಗಳನ್ನ ನಿಯಂತ್ರಿಸೋ ಕೇಂದ್ರದ ಸಂಸ್ಥೆ) ಒಪ್ಪಿಗೆ ಕೊಡೋದು ಇಡೀ ಯೂನಿವರ್ಸಿಟಿಗೆ ಸಾರಾಸಗಟಾಗಿ ಅಲ್ಲ, ಈ ಕೋರ್ಸು, ಈ ಮೋಡು, ಈ ವರ್ಷದ ಈ ಸೆಶನ್ನು ಅಂತ ಬಿಡಿಬಿಡಿಯಾಗಿ. ಬಿಕಾಂಗೆ ಇದ್ದು ಎಂಬಿಎಗೆ ಇಲ್ದೇ ಇರಬಹುದು. ಡಿಸ್ಟೆನ್ಸ್‌ಗೆ ಇದ್ದು ಆನ್‌ಲೈನ್‌ಗೆ ಇಲ್ದೇ ಇರಬಹುದು. ಹೋದ ವರ್ಷ ಇದ್ದು ಈ ವರ್ಷ ಇಲ್ದೇ ಇರಬಹುದು.

ನಿಮ್ಮ ಮಾವ ಹೇಳಿದ ಕರ್ನಾಟಕ ರಾಜ್ಯ ಮುಕ್ತ ವಿವಿನೇ ತಗೊಳ್ಳಿ. ಸರ್ಕಾರಿ ಯೂನಿವರ್ಸಿಟಿ, 1996ರಲ್ಲಿ ಶುರುವಾಗಿದ್ದು, ಅದಕ್ಕೂ ಮುಂಚೆ ಮೈಸೂರು ವಿವಿಯ ಅಂಚೆ ತೆರಪಿನ ಶಿಕ್ಷಣ ಅಂತ 1969ರಿಂದ ನಡೀತಿದ್ದ ಸಂಸ್ಥೆ. ಅದು ನಕಲಿ ಅಂತ ಯಾರೂ ಹೇಳೋಕಾಗಲ್ಲ. ಆದ್ರೂ ರಾಜ್ಯದ ಹೊರಗೆಲ್ಲ ಖಾಸಗಿ ಸಂಸ್ಥೆಗಳ ಜೊತೆ ಸೇರಿ ಟೆಕ್ನಿಕಲ್ ಕೋರ್ಸ್ ನಡೆಸಿದ್ರು ಅಂತ ಯುಜಿಸಿ 2012-13ರ ನಂತರ ಮಾನ್ಯತೆ ಇಲ್ಲ ಅಂದುಬಿಡ್ತು, 2015ರ ಜೂನಲ್ಲಿ ಪಬ್ಲಿಕ್ ನೋಟಿಸ್ ಬಂತು, ಆಮೇಲೆ ಮಾನ್ಯತೆ ವಾಪಸ್ ಸಿಕ್ಕಿದ್ದು 2018ರಲ್ಲಿ, ಅದೂ 2018-19ರಿಂದ ಮುಂದಕ್ಕೆ. ಮಧ್ಯದಲ್ಲಿ ಸೇರಿದ್ದ ಎಷ್ಟೋ ಮಕ್ಕಳು ಅದರ ಕ್ಯಾಂಪಸ್ ಮುಕ್ತಗಂಗೋತ್ರಿಯ ಗೇಟ್ ಮುಂದೆ ಧರಣಿ ಕೂತಿದ್ದು ಮೈಸೂರಿನವರಿಗೆಲ್ಲ ನೆನಪಿದೆ. ಈಗ ಅಲ್ಲಿ ಸೇರೋಕೆ ಹೆದರಬೇಕಿಲ್ಲ, ನಾನು ಹೇಳ್ತಿರೋದು ಅದಲ್ಲ. ಬೋರ್ಡಲ್ಲಿರೋ ಹೆಸರು ನೋಡಿ ಸಾಲದು, ವರ್ಷ ನೋಡ್ಬೇಕು.

ನೋಡೋದು ಹೇಗೆ ಅಂದ್ರೆ, ಯುಜಿಸಿಯ ಡಿಸ್ಟೆನ್ಸ್ ಎಜುಕೇಶನ್ ಬ್ಯೂರೋ ಅಂತಿದೆ, ಎಲ್ರೂ ಡೆಬ್ ಅಂತಾರೆ. ಡೆಬ್ ಡಾಟ್ ಯುಜಿಸಿ ಡಾಟ್ ಎಸಿ ಡಾಟ್ ಇನ್. ಅದರಲ್ಲಿ ವರ್ಷಾವಾರು, ಸೆಶನ್‌ವಾರು ಪಟ್ಟಿ ಸಿಗುತ್ತೆ, ಯೂನಿವರ್ಸಿಟಿ ಹೆಸರಿನ ಮುಂದೆ ಯಾವ ಯಾವ ಕೋರ್ಸಿಗೆ ಒಪ್ಪಿಗೆ ಅಂತ ಬರೆದಿರುತ್ತೆ. ನಿಮ್ಮ ಕೋರ್ಸಿನ ಹೆಸರು ಅಕ್ಷರಕ್ಕೆ ಅಕ್ಷರ ಅಲ್ಲಿದ್ರೆ ಸರಿ. ಆ ಪುಟದ ಪಿಡಿಎಫ್ ಇಳಿಸಿ ದಿನಾಂಕ ಹಾಕಿ ಇಟ್ಕೊಳ್ಳಿ, ಐದು ವರ್ಷ ಆದ್ಮೇಲೆ ಎಚ್ಆರ್ ಕೇಳಿದಾಗ ಯೂಸ್ ಆಗುತ್ತೆ. ಕೌನ್ಸೆಲರ್ ವಾಟ್ಸಾಪಲ್ಲಿ ಕಳಿಸೋ ಲೆಟರ್ ನಂಬಬೇಡಿ.

ಡೀಮ್ಡ್ ಯೂನಿವರ್ಸಿಟಿ (ಕೇಂದ್ರ ಸರ್ಕಾರ ಯೂನಿವರ್ಸಿಟಿಗೆ ಸಮ ಅಂತ ಘೋಷಿಸಿದ ಸಂಸ್ಥೆ) ಆದ್ರೆ ಎಂಬಿಎ, ಎಂಸಿಎಗೆ ಎಐಸಿಟಿಇ, ಅಂದ್ರೆ ಟೆಕ್ನಿಕಲ್ ಮತ್ತೆ ಮ್ಯಾನೇಜ್‌ಮೆಂಟ್ ಕೋರ್ಸ್ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆಯ ಒಪ್ಪಿಗೆನೂ ಬೇಕು, ಅದನ್ನೂ ಕೇಳಿ.

ಇನ್ನೊಂದು, 2024ರ ಜುಲೈ ಸೆಶನ್ನಿಂದ ಡೆಬ್ ಐಡಿ ಅಂತ ಕಡ್ಡಾಯ ಮಾಡಿದಾರೆ. ಎಬಿಸಿ ಐಡಿ (ನಮ್ಮ ಓದಿನ ಕ್ರೆಡಿಟ್ ಲೆಕ್ಕ ಇಡೋ ಸರ್ಕಾರಿ ಖಾತೆಯ ನಂಬರ್) ಇಟ್ಕೊಂಡು ನಾವೇ ಡೆಬ್ ಪೋರ್ಟಲಲ್ಲಿ ಮಾಡ್ಕೋಬೇಕು. 'ನಾವೇ ಮಾಡ್ಕೊಡ್ತೀವಿ ಸಾರ್, ಓಟಿಪಿ ಹೇಳಿ' ಅಂದ್ರೆ ಹೇಳ್ಬೇಡಿ. 'ಅದೆಲ್ಲ ಬೇಡ ಸಾರ್' ಅಂದ್ರಂತೂ ಅಲ್ಲಿಂದ ಎದ್ದು ಬನ್ನಿ.

---

ಬೆಳಗಾವಿ_ಕುಂದಾ

ಮ್ಯಾಲಿನವ್ರು ಹೇಳಿದ್ದು ಖರೇ ಅದ. ನಂದೊಂದು ಕತಿ ಕೇಳ್ರಿ ತಮ್ಮಾ, ನಾ ಕೆಟ್ಟು ಕಲತೇನಿ.

2010ರಾಗ ನಮ್ಮ ಊರಾಗ ಒಂದು ಝೆರಾಕ್ಸ್ ಅಂಗಡಿ ಮ್ಯಾಲ ಸ್ಟಡಿ ಸೆಂಟರ್ ತೆಗದಿದ್ರು. ಉತ್ತರದ ಕಡಿ ಒಂದು ಯೂನಿವರ್ಸಿಟಿ, ಹೆಸರು ಬ್ಯಾಡ ಬಿಡ್ರಿ. ಬಿಎಸ್ಸಿ ಐಟಿಗೆ ವರ್ಷಕ್ಕ 18 ಸಾವಿರ. ಕ್ಲಾಸ್ ಅಂದ್ರ ರವಿವಾರ ಎರಡು ತಾಸು, ಪರೀಕ್ಷಾ ಅಂದ್ರ ಅದ ಅಂಗಡಿ ಮ್ಯಾಲ ಪುಸ್ತಕ ತೊಡಿ ಮ್ಯಾಲ ಇಟಗೊಂಡು ಬರಿಯೂದು. ನಮಗ ಖುಷಿನೋ ಖುಷಿ. ಮೂರು ವರ್ಷಕ್ಕ ಫಸ್ಟ್ ಕ್ಲಾಸ್, ಬಂಗಾರ ಬಣ್ಣದ ಸೀಲ್ ಇರೋ ಸರ್ಟಿಫಿಕೇಟ್, ಅವ್ವ ದೇವರ ಮುಂದ ಇಟ್ಟು ಪೂಜಿ ಮಾಡಿದ್ಲು.

ಆಮ್ಯಾಲ ಒಂದು ಕಡೆ ನೌಕರಿ ಆತು, ಆರ್ಡರ್ ಬಂತು, ಎಂಟು ತಿಂಗಳಿಗೆ ವೆರಿಫಿಕೇಶನ್ ಪತ್ರ ವಾಪಸ್ ಬಂತು. ಆ ಯೂನಿವರ್ಸಿಟಿಯವ್ರ ಬರದಿದ್ರು: ಈ ಸೆಂಟರ್ ನಮ್ಮದಲ್ಲ, ಕರ್ನಾಟಕದಾಗ ನಮ್ಮ ಸೆಂಟರೇ ಇಲ್ಲ. ಅಲ್ಲಿಗೆ ನೌಕರಿನೂ ಹೋತು. ಸೆಂಟರ್‌ನವನ್ನ ಹುಡಕ್ಕೊಂಡು ಹೋದ್ರ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಆಗಿತ್ತು. ಆಮ್ಯಾಲ ಗೊತ್ತಾತು, ಒಂದು ರಾಜ್ಯದ ಯೂನಿವರ್ಸಿಟಿ ಇನ್ನೊಂದು ರಾಜ್ಯದಾಗ ಸ್ಟಡಿ ಸೆಂಟರ್ ತೆಗಿಯೂ ಹಂಗಿಲ್ಲ ಅಂತ. ಆನ್‌ಲೈನ್‌ಗೆ ಆ ಗಡಿ ಇಲ್ರಿ, ಆದ್ರ ಆನ್‌ಲೈನ್‌ಗೆ ಸ್ಟಡಿ ಸೆಂಟರೂ ಇರೂದಿಲ್ಲ. 'ನಮ್ಮ ಆಫೀಸಿಗೆ ಬರ್ರಿ, ಇಲ್ಲೇ ಪರೀಕ್ಷಾ ಬರೀಬಹುದು, ಪಾಸ್ ಗ್ಯಾರಂಟಿ' ಅಂದ ಅಂದ್ರ ತಿಳಕೋರಿ, ನನ್ನ ಝೆರಾಕ್ಸ್ ಅಂಗಡಿನ ಅದು.

ಇದ ಜಾತಿದು ದೊಡ್ಡದೊಂದು ಸುಪ್ರೀಂ ಕೋರ್ಟ್ ತೀರ್ಪು ಐತಿ, 2017ರ ನವೆಂಬರ್. ನಾಲ್ಕು ಡೀಮ್ಡ್ ಯೂನಿವರ್ಸಿಟಿ ಡಿಸ್ಟೆನ್ಸ್‌ನ್ಯಾಗ ಇಂಜಿನಿಯರಿಂಗ್ ಡಿಗ್ರಿ ಕೊಟ್ಟಿದ್ವು. 2001ರಿಂದ 2005ರ ತನಕ ಸೇರಿದವ್ರಿಗೆ ಎಐಸಿಟಿಇ ಪರೀಕ್ಷಾ ಬರೀರಿ ಅಂದ್ರು, ಆಮ್ಯಾಲ ಸೇರಿದವ್ರ ಡಿಗ್ರಿ ಪೂರಾ ರದ್ದು. ಹತ್ತು ವರ್ಷ ನೌಕರಿ ಮಾಡಿ ಪ್ರಮೋಶನ್ ತಗೊಂಡವ್ರೂ ಸಿಕ್ಕೊಂಡ್ರು.

ಮತ್ತ ಯುಜಿಸಿ ನಕಲಿ ಯೂನಿವರ್ಸಿಟಿ ಪಟ್ಟಿನೂ ಒಮ್ಮೆ ನೋಡ್ರಿ. ನಮ್ಮ ಗೋಕಾಕದ ಬಡಗಾನವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಅನ್ನೂದು ಅದರಾಗ ವರ್ಷಾನುಗಟ್ಟಲೆ ಇತ್ತು. ಹೆಸರಿನಾಗ 'ಸರ್ಕಾರ್' ಐತಿ, 'ವರ್ಲ್ಡ್' ಐತಿ, ಇನ್ನೇನ್ ಬೇಕ್ರಿ!

---

ಎಚ್ಆರ್_ಅಕ್ಕ

ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ, ದಿನಾ ಇದೇ ಕಾಗದ ನೋಡೋದು ನನ್ನ ಕೆಲಸ.

ಮಾನ್ಯತೆ ಬೇರೆ, ಹೆಸರು ಬೇರೆ. ಮಾನ್ಯತೆ ಇದ್ರೆ ಅರ್ಜಿ ತಿರಸ್ಕಾರ ಆಗಲ್ಲ ಅಷ್ಟೇ, ಕೆಲಸ ಸಿಗುತ್ತೆ ಅಂತ ಅಲ್ಲ. ಮಾನ್ಯತೆ ಇರೋ ಆನ್‌ಲೈನ್ ಡಿಗ್ರಿ ರೆಗ್ಯುಲರ್‌ಗೆ ಸಮ ಅಂತ 2022ರ ಸೆಪ್ಟೆಂಬರಲ್ಲಿ ಯುಜಿಸಿ ಹೇಳಿದೆ, ಹಾಗಾಗಿ ಕಾಗದದ ಮಟ್ಟಿಗೆ ನಾವು ಬೇಡ ಅನ್ನಲ್ಲ. ಮಾರ್ಕ್ಸ್ ಕಾರ್ಡ್, ಸರ್ಟಿಫಿಕೇಟಲ್ಲಿ ಓದಿದ ಮೋಡು, ಅಡ್ಮಿಷನ್ ಆದ ದಿನ, ಮುಗಿದ ದಿನ ಇರುತ್ತೆ. ನಾವು ಅಡ್ಮಿಷನ್ ದಿನ ಹಿಡ್ಕೊಂಡು ಆ ಸೆಶನ್ನಿನ ಡೆಬ್ ಪಟ್ಟಿ ತೆಗೀತೀವಿ. ಮೈಸೂರಿನವರು ಹೇಳಿದ್ದು ಅಕ್ಷರಶಃ ಇದನ್ನೇ.

ನ್ಯಾಕ್ ಬಗ್ಗೆ ಒಂದು ಮಾತು, ಅದು ಕಾಲೇಜು, ಯೂನಿವರ್ಸಿಟಿಗಳ ಗುಣಮಟ್ಟ ನೋಡಿ ಗ್ರೇಡ್ ಕೊಡೋ ಸಂಸ್ಥೆ. ಎ ಅಂದ್ರೆ 3.01ರಿಂದ, ಎ ಪ್ಲಸ್ 3.26ರಿಂದ, ಎ ಡಬಲ್ ಪ್ಲಸ್ 3.51ರಿಂದ ಮೇಲೆ, ಒಟ್ಟು ನಾಲ್ಕು ಅಂಕಕ್ಕೆ. ಆ ಗ್ರೇಡು ಕ್ಯಾಂಪಸ್ಸು, ಲ್ಯಾಬು, ಪಿಎಚ್‌ಡಿ ಎಲ್ಲ ಸೇರಿಸಿ ಇಡೀ ಸಂಸ್ಥೆಗೆ ಕೊಟ್ಟಿದ್ದು, ನಿಮಗೆ ಭಾನುವಾರ ಜೂಮಲ್ಲಿ ಪಾಠ ಮಾಡೋ ಗೆಸ್ಟ್ ಲೆಕ್ಚರರ್‌ಗೆ ಅಲ್ಲ. ಅದಕ್ಕೆ ಅವಧಿನೂ ಇದೆ, ಸಾಮಾನ್ಯವಾಗಿ 5 ವರ್ಷ. ಮುಗಿದುಹೋದ ಗ್ರೇಡನ್ನೇ ಹೋರ್ಡಿಂಗಲ್ಲಿ ಹಾಕ್ಕೊಂಡಿರೋರನ್ನ ನೋಡಿದೀನಿ. ಮತ್ತೆ 2025ರ ಫೆಬ್ರವರಿಯಲ್ಲಿ ನ್ಯಾಕ್ ತಪಾಸಣಾ ತಂಡದವರನ್ನೇ ಲಂಚದ ಆರೋಪದಲ್ಲಿ ಸಿಬಿಐ ಅರೆಸ್ಟ್ ಮಾಡಿತ್ತು ಅನ್ನೋದೂ ತಲೇಲಿರಲಿ. ನ್ಯಾಕ್ ಆಫೀಸು ನಮ್ಮ ನಾಗರಭಾವಿ ಕಡೇನೇ ಇರೋದು, ದಿನಾ ಅದರ ಮುಂದೇನೇ ಓಡಾಡ್ತೀನಿ, ಏನ್ ಹೇಳೋದು.

'ಡಬ್ಲ್ಯುಇಎಸ್ ಅಪ್ರೂವ್ಡ್' ಅನ್ನೋದು ನನಗೆ ಕೋಪ ಬರಿಸೋ ಮಾತು. ಅವರು ಕೆನಡಾ, ಅಮೆರಿಕಾಗೆ ಹೋಗೋರ ಸರ್ಟಿಫಿಕೇಟನ್ನ ಒಬ್ಬೊಬ್ಬರದಾಗಿ ಮೌಲ್ಯಮಾಪನ ಮಾಡೋ ಸಂಸ್ಥೆ, ಯೂನಿವರ್ಸಿಟಿಗೆ ಅಪ್ರೂವಲ್ ಕೊಡೋದು ಅವರ ಕೆಲಸನೇ ಅಲ್ಲ. ಯುರೋಪಿನ ಒಂದು ವರ್ಷದ ಎಂಬಿಎ ಬಿಟ್ಟಾಕಿ. ಎಡ್‌ಟೆಕ್ ಕಂಪನಿಗಳು ವಿದೇಶಿ ಯೂನಿವರ್ಸಿಟಿ ಜೊತೆ ಸೇರಿ ಕೊಡೋ ಆನ್‌ಲೈನ್ ಡಿಗ್ರಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ 2023ರ ಡಿಸೆಂಬರಲ್ಲೇ ಎಚ್ಚರಿಕೆ ಕೊಟ್ಟಿದೆ.

ಮತ್ತೆ ಮುಖ್ಯವಾಗಿ, ಇಲ್ಲಿ ಕೇಳೋದಕ್ಕಿಂತ ನಿಮ್ಮ ಕಂಪನಿ ಎಚ್ಆರ್‌ಗೆ ಮೇಲ್ ಹಾಕಿ ಕೇಳಿ, ಇಂಥ ಯೂನಿವರ್ಸಿಟಿ ಆನ್‌ಲೈನ್ ಎಂಬಿಎ ಮಾಡಿದ್ರೆ ಪ್ರಮೋಶನ್‌ಗೆ ಪರಿಗಣಿಸ್ತೀರಾ ಅಂತ. ಮ್ಯಾನೇಜರ್ ಬಾಯಿಮಾತು ಅಪ್ರೈಸಲ್ ದಿನ ಮಾಯ ಆಗುತ್ತೆ.

---

ಕುಡ್ಲದ_ಬೊಂಡ

ನಾನು ಈಗ ಆನ್‌ಲೈನ್ ಎಂಬಿಎ ಎರಡನೇ ಸೆಮ್‌ನಲ್ಲಿ ಇದ್ದೇನೆ ಮಾರಾಯ್ರೆ, ಮಾನ್ಯತೆ ಎಲ್ಲ ಸರಿ ಉಂಟು, ಡೆಬ್ ಪಟ್ಟಿ ನೋಡಿಯೇ ಸೇರಿದ್ದು. ಆದ್ರೆ ಪಾಠ ಅಂತ ಕೇಳಿದ್ರೆ ನಗು ಬರ್ತದೆ. ಲೈವ್ ಕ್ಲಾಸಿಗೆ ನಾನೂರು ಐನೂರು ಜನ, ನೀವು ಒಂದು ಡೌಟ್ ಟೈಪ್ ಮಾಡುವಷ್ಟರಲ್ಲಿ ಚಾಟ್‌ನಲ್ಲಿ 'ಗುಡ್ ಈವ್ನಿಂಗ್ ಸರ್' ಅಂತ ನೂರು ಮೆಸೇಜ್ ಬಂದು ಅದು ಮಳೆಗಾಲದ ತೋಡಿನಲ್ಲಿ ಕಾಗದದ ದೋಣಿ ಹೋದ ಹಾಗೆ ಹೋಗಿ ಆಯ್ತು. ಫೈನಾನ್ಸ್ ಸರ್ ಒಬ್ಬರು ಮಾತ್ರ ಭಾರೀ ಚೆಂದ ಮಾಡ್ತಾರೆ, ಉಳಿದದ್ದು ಸ್ಲೈಡ್ ಓದುದು.

ಹಾಗಾಗಿ ಸೇರುವ ಮೊದಲು ಒಂದು ರೆಕಾರ್ಡೆಡ್ ಕ್ಲಾಸ್ ಪೂರ್ತಿ ತೋರಿಸಿ ಅಂತ ಕೇಳಿ, ಎರಡು ನಿಮಿಷದ ಜಾಹೀರಾತು ಅಲ್ಲ. ಲಿಂಕ್ಡ್‌ಇನ್‌ನಲ್ಲಿ ಆ ಕೋರ್ಸ್ ಮುಗಿಸಿದವರನ್ನು ಹುಡುಕಿ ಮೂರ್ನಾಲ್ಕು ಜನಕ್ಕೆ ಮೆಸೇಜ್ ಹಾಕಿ, ನಾನು ಹಾಕದೇ ಸೇರಿದ್ದು ತಪ್ಪಾಯ್ತು. ಗೂಗಲ್ ರಿವ್ಯೂ, 'ಟಾಪ್ 10 ಆನ್‌ಲೈನ್ ಎಂಬಿಎ' ಪಟ್ಟಿ ಎಲ್ಲ ನೋಡುದೇ ಬೇಡ, ಆ ಪಟ್ಟಿ ಹಾಕಿದ ಸೈಟಿನವರೇ ಮರುದಿನ ನಿಮಗೆ ಫೋನ್ ಮಾಡುದು.

ಮತ್ತೆ ನೋ ಕಾಸ್ಟ್ ಇಎಂಐ ಅಂದ್ರೆ ಅದು ಯೂನಿವರ್ಸಿಟಿಗೆ ಕಂತು ಕಟ್ಟುದಲ್ಲ, ನಿಮ್ಮ ಹೆಸರಲ್ಲಿ ಯಾವುದೋ ಫೈನಾನ್ಸ್ ಕಂಪನಿಯ ಸಾಲ. ನನ್ನ ಫ್ರೆಂಡ್ ಒಬ್ಬ ಎರಡನೇ ತಿಂಗಳಿಗೇ ಕೋರ್ಸ್ ಬಿಟ್ಟ, ಆದ್ರೆ ಕಂತು ಅವನನ್ನು ಬಿಡ್ಲಿಲ್ಲ, ಕಟ್ಟದೆ ಸಿಬಿಲ್ ಸ್ಕೋರ್ (ಸಾಲ ತೀರಿಸಿದ ದಾಖಲೆಯ ಅಂಕ) ಹಾಳಾಯ್ತು. ಫೀಸ್ ಕಟ್ಟುದಾದ್ರೆ ಯೂನಿವರ್ಸಿಟಿಯದ್ದೇ ಪೋರ್ಟಲ್‌ನಲ್ಲಿ, ಸೆಮಿಸ್ಟರ್ ಲೆಕ್ಕದಲ್ಲಿ ಕಟ್ಟಿ ಆಯ್ತಾ.

---

ತೆಂಗಿನಗರಿ_ತಿಪಟೂರು

ಎಲ್ರಿಗೂ ಥ್ಯಾಂಕ್ಸ್, ನಿನ್ನೆ ರಾತ್ರಿ ಕೂತು ಡೆಬ್ ಪಟ್ಟಿ ನೋಡಿದೆ. ರಾತ್ರಿ 12ರವನ ಯೂನಿವರ್ಸಿಟಿ ಇದೆ, ಎಂಬಿಎ ಆನ್‌ಲೈನ್ ಕೂಡ ಇದೆ. ಆದ್ರೆ ಅವನು ನನಗೆ ಮಾರ್ತಿದ್ದಿದ್ದು 'ಎಂಬಿಎ ಇನ್ ಫಿನ್‌ಟೆಕ್ ಆಂಡ್ ಎಐ', ಆ ಹೆಸರು ಎಲ್ಲೂ ಇಲ್ಲ. ಫೋನ್ ಮಾಡಿ ಕೇಳಿದ್ರೆ 'ಅದು ಅಪ್‌ಡೇಟ್ ಆಗುತ್ತೆ ಸಾರ್' ಅಂದ. ಯಾವಾಗ ಅಂದೆ. ಕಾಲ್ ಕಟ್ ಆಯ್ತು, ಆಮೇಲೆ ಅವನ ಕಡೆಯಿಂದ ಒಂದು ಫೋನೂ ಇಲ್ಲ, ಸದ್ಯ ನೆಮ್ಮದಿ. ನ್ಯಾಕ್ ಎ ಪ್ಲಸ್ ನಿಜನೇ, ಆದ್ರೆ ಅವಧಿ ಇನ್ನು ನಾಲ್ಕು ತಿಂಗಳಿಗೆ ಮುಗಿಯುತ್ತೆ.

ಎಚ್ಆರ್‌ಗೆ ಮೇಲ್ ಹಾಕಿದೀನಿ, ರಿಪ್ಲೈ ಬಂದಿಲ್ಲ. ಈಗ ಮುಕ್ತ ವಿವಿ, ಮೈಸೂರು ವಿವಿ, ವಿಟಿಯು, ಮತ್ತೆ ಮಣಿಪಾಲ್ ಈ ನಾಲ್ಕರ ಪಟ್ಟಿ ಪಕ್ಕಪಕ್ಕ ಇಟ್ಕೊಂಡು ನೋಡ್ತಿದೀನಿ, ಫೀಸಲ್ಲಿ ಅಜಗಜಾಂತರ ಇದೆ.

ಇನ್ನೊಂದು ಸಣ್ಣ ಡೌಟು, ನನ್ನ ತಂಗಿ ಎಂಎ ಸೈಕಾಲಜಿ ಆನ್‌ಲೈನಲ್ಲಿ ಮಾಡ್ತೀನಿ ಅಂತಿದಾಳೆ, ಅವಳಿಗೂ ಇದೇ ಪಟ್ಟಿ ಸಾಕಾ?

---

ಎಚ್ಆರ್_ಅಕ್ಕ

ಅವಳಿಗೆ ಇವತ್ತೇ ಫೋನ್ ಮಾಡಿ ದುಡ್ಡು ಕಟ್ಟಬೇಡ ಅಂತ ಹೇಳಿ. 2025ರ ಜುಲೈ ಸೆಶನ್ನಿಂದ ಸೈಕಾಲಜಿ ಮತ್ತೆ ಆರೋಗ್ಯಕ್ಕೆ ಸಂಬಂಧಪಟ್ಟ ಕೆಲವು ಕೋರ್ಸುಗಳನ್ನ ಆನ್‌ಲೈನು, ಡಿಸ್ಟೆನ್ಸ್ ಎರಡರಲ್ಲೂ ಕೊಡೋ ಹಾಗಿಲ್ಲ ಅಂತ ಯುಜಿಸಿ ನಿಲ್ಲಿಸಿದೆ. ಇಂಜಿನಿಯರಿಂಗ್, ಲಾ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಇವೆಲ್ಲ ಅದಕ್ಕೂ ಮುಂಚೆನೇ ನಿಷೇಧದ ಪಟ್ಟಿಲಿದ್ವು. ಅವಳು ರೆಗ್ಯುಲರ್ ಕಾಲೇಜೇ ನೋಡ್ಲಿ.

---

ಬೆಳಗಾವಿ_ಕುಂದಾ

ಮತ್ತ ಆ ಕಟ್ ಮಾಡಿದವನ ನಂಬರ್ ನನಗ ಕಳಸ್ರಿ, ನಾ ಒಮ್ಮೆ ಮಾತಾಡ್ತೇನಿ ಅವನ ಜೋಡಿ 😄