ಕರಿಬೇವಿಗೆ ಯಾವ ಟ್ಯೂಬ್‌ಲೈಟು?

ಅಕ್ಕ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ, ಈಗ ಬಿಡುವಾಯಿತು. ಷಿಕಾಗೋ ಚಳಿ ಶುರುವಾಯಿತು, ಕರಿಬೇವಿನ ಕುಂಡ ಬೇಸ್‌ಮೆಂಟಿಗೆ ಇಳಿಸಿದ್ದೇನೆ, ‘ಗ್ರೋ’ ಅಂತ ಬರೆದು ಗಿಡಕ್ಕೆಂದೇ ಮಾರುವ ದುಬಾರಿ ಟ್ಯೂಬೇ ಬೇಕಾ ಅಂತ ಕೇಳಿದ್ದಿರಿ ಅಲ್ವಾ. ಬೇಡ. ಗ್ಯಾರೇಜಿಗೆ ಹಾಕುವ ನಾಲ್ಕಡಿ ಶಾಪ್‌ಲೈಟ್ ಸಾಕು, ಎರಡು ಟ್ಯೂಬಿನದು. ಒಂದು 6500ಕೆ, ಡೇಲೈಟ್ ಅಂತ ಬರೆದಿರುತ್ತದಲ್ಲ ಆ ಬಿಳಿಯದು, ಇನ್ನೊಂದು ಹಳದಿ ವಾರ್ಮ್ ವೈಟ್. ಬಿಳಿಯದರಲ್ಲಿ ನೀಲಿ ಬೆಳಕು ಜಾಸ್ತಿ, ಗಿಡ ಗಿಡ್ಡಕ್ಕೆ ದಟ್ಟವಾಗಿ ಬರುತ್ತದೆ. ಹಳದಿಯದು ಸಿಗದಿದ್ದರೆ ಎರಡೂ ಕಡೆ ಬಿಳಿಯದೇ ಹಾಕಿ, ನಮಗೆ ಬೇಕಾಗಿರುವುದು ಎಲೆ ತಾನೆ.

ಟ್ಯೂಬ್ ಯಾವುದು ಅನ್ನುವುದಕ್ಕಿಂತ ಎಷ್ಟು ಹತ್ತಿರ ಅನ್ನುವುದು ಮುಖ್ಯ. ನಾನು ಮೊದಲ ವರ್ಷ ಲೈಟನ್ನು ಸೀಲಿಂಗಿಗೆ ಹಾಕಿಸಿ ಕೆಳಗೆ ಟ್ರೇನಲ್ಲಿ ಮೆಂತ್ಯ ಚೆಲ್ಲಿದ್ದೆ. ನಮ್ಮ ಕಣ್ಣಿಗೆ ರೂಮೆಲ್ಲ ಝಗಮಗ, ಗಿಡದ ಪಾಲಿಗೆ ಕತ್ತಲೆ! ವಾರ ತುಂಬುವಷ್ಟರಲ್ಲಿ ಮೆಂತ್ಯ ಶಾವಿಗೆ ಎಳೆ ಥರ ಬೆಳ್ಳಗೆ ಉದ್ದಕ್ಕೆ ಎದ್ದು, ತುದಿಯಲ್ಲಿ ಎರಡೇ ಎರಡು ಪುಟಾಣಿ ಎಲೆ ಹೊತ್ತುಕೊಂಡು, ಅಷ್ಟೂ ಒಂದೇ ಕಡೆ ಮಲಗಿಬಿಟ್ಟಿತು. ಆಮೇಲೆ ಸರಪಳಿ ಹಾಕಿ ಇಳಿಸಿದೆ. ಎಲೆಗೂ ಟ್ಯೂಬಿಗೂ ನಾಲ್ಕು ಬೆರಳು ಜಾಗ ಬಿಟ್ಟರೆ ಸಾಕು, ಸುಡುವುದಿಲ್ಲ. ಟಿ5 ಹೈ ಔಟ್‌ಪುಟ್ ಅಂತ ಬರುವ, ಸಣ್ಣಗಿದ್ದು ಬೆಳಕು ಜಾಸ್ತಿ ಕೊಡುವ ಟ್ಯೂಬ್ ಆದರೆ ಬಿಸಿ ಸ್ವಲ್ಪ ಜಾಸ್ತಿ, ಒಂದು ಗೇಣು ಬಿಡಿ.

ನಿಮ್ಮ ಕರಿಬೇವು ಕೋಲಿನ ಹಾಗೆ ಎತ್ತರಕ್ಕೆ ಹೋಗಿದೆಯಾ? ಹಾಗಿದ್ದರೆ ತುದಿಗಷ್ಟೇ ಬೆಳಕು, ಕೆಳಗಿನ ಎಲೆಗೆ ಏನೂ ಸಿಗುವುದಿಲ್ಲ. ತುದಿ ಕತ್ತರಿಸಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ, ಪಕ್ಕದಿಂದ ಕವಲು ಒಡೆಯುತ್ತದೆ. ಕುಂಡ ಟ್ಯೂಬಿನ ನಡು ಭಾಗದ ಕೆಳಗಿರಲಿ, ತುದಿಗಳಲ್ಲಿ ಬೆಳಕು ಕಮ್ಮಿ.

ಟೈಮರ್ ಹಾಕಿ 14–16 ಗಂಟೆ ಬಿಡಿ. 32 ವ್ಯಾಟಿನ ಎರಡು ಟ್ಯೂಬ್ 16 ಗಂಟೆ ಉರಿದರೂ ದಿನಕ್ಕೆ ಒಂದು ಯೂನಿಟ್, ಅಷ್ಟೇ.

ಇಷ್ಟೆಲ್ಲ ಹೇಳಿದೆ, ಆದರೆ ಫಿಕ್ಸ್ಚರೇ ಹೊಸದಾಗಿ ಕೊಳ್ಳುವುದಾದರೆ ಎಲ್‌ಇಡಿ ತನ್ನಿ. ಎಲ್‌ಇಡಿ ಅಲ್ಲದ ಹಳೇ ಥರದ ಫ್ಲೋರೊಸೆಂಟ್ ಟ್ಯೂಬಿನಲ್ಲಿ ಪಾದರಸ ಇರುತ್ತದೆ ಅಂತ ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಈ ಉದ್ದ ಟ್ಯೂಬುಗಳನ್ನು ಹೊಸದಾಗಿ ಮಾರುವ ಹಾಗೇ ಇಲ್ಲ. ಗ್ಯಾರೇಜಿನಲ್ಲಿ ಹಳೆಯದು ತೂಗುತ್ತಿದ್ದರೆ ಮಾತ್ರ ಸುಮ್ನೆ ಅದನ್ನೇ ಬಳಸಿ, ಟ್ಯೂಬ್ ಹೊಸದು ಹಾಕಿ. ಹಳೇ ಟ್ಯೂಬ್ ನೋಡೋಕೆ ಚೆನ್ನಾಗೇ ಉರಿಯುತ್ತದೆ, ಬೆಳಕು ಇಳಿದಿರುತ್ತದೆ.

ಎಲೆ ಉದುರಿದರೆ ಗಾಬರಿಯಾಗಿ ನೀರು ಸುರಿಯಬೇಡಿ, ಚಳಿಗಾಲದಲ್ಲಿ ಗಿಡ ಬೆಳೆಯುವುದು ನಿಲ್ಲಿಸಿ ನಿದ್ದೆ ಹೋಗುತ್ತದೆ. ಮಣ್ಣು ಒಣಗಿದ ಮೇಲೆ ಹಾಕಿ. ಬುಡದಲ್ಲಿ ಮರಿ ಎದ್ದರೆ ನನಗೊಂದು ಎತ್ತಿಡಿ ಅಕ್ಕ, ನನ್ನದು ಹೋದ ಜನವರಿಯಲ್ಲಿ ಸತ್ತಿತು. ನೀರು ಹಾಕಿ ಹಾಕಿ ನಾನೇ ಕೊಂದೆ.