ಅನ್ನದ ಒಲೆಯ ಕಾವಿನಲ್ಲೇ ಸ್ನಾನದ ನೀರು ಕಾಯಿಸುವ ಬಗೆ

ಪ್ರಶ್ನೆ (ಬ್ರಹ್ಮಾವರ):
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಕುಚ್ಚಲಕ್ಕಿ ಬೇಯುವಷ್ಟು ಹೊತ್ತು ಸೌದೆ ಒಲೆ ಉರಿಯುತ್ತಲೇ ಇರುತ್ತದೆ. ಸ್ನಾನದ ನೀರಿಗೆ ಬಚ್ಚಲಿನಲ್ಲಿ ಬೇರೆಯೇ ಬೆಂಕಿ. ಕೆಂಪುಕಲ್ಲಿನಲ್ಲಿ ಹೊಸ ಒಲೆ ಕಟ್ಟುವಾಗ ಉರಿಯ ನಡುವೆ ತಾಮ್ರದ ಸುರುಳಿ ಕೊಳವೆಯನ್ನಿಟ್ಟು, ಅದನ್ನು ಮುಚ್ಚಿದ ಸ್ಟೀಲ್ ಡ್ರಮ್ಮಿಗೆ ಜೋಡಿಸಬೇಕೆಂದಿದ್ದೇನೆ. ಇದು ಸರಿಯಾದೀತೇ?

ಉತ್ತರ (ಕಾರ್ಕಳ):
ದಯವಿಟ್ಟು ಡ್ರಮ್ಮನ್ನು ಮುಚ್ಚಬೇಡಿ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಡ್ರಮ್ಮು ಸಿಡಿಯುತ್ತದೆ, ಅದೂ ಒಲೆಯ ಮುಂದೆ ಜನರಿರುವ ಹೊತ್ತಿನಲ್ಲೇ. ಸುರುಳಿಯೇ ಬೇಕೆಂದಾದರೆ ಬಾಯಿ ತೆರೆದ ಡ್ರಮ್ಮನ್ನು ಒಲೆಗಿಂತ ಎತ್ತರದಲ್ಲಿಡಿ. ಅದರ ತಳದಿಂದ ಇಳಿಯುವ ತಣ್ಣೀರು ಸುರುಳಿಯ ಕೆಳತುದಿಗೆ ಸೇರಲಿ. ಮೇಲ್ತುದಿಯಿಂದ ಹೊರಟ ಬಿಸಿನೀರಿನ ಕೊಳವೆ ಎಲ್ಲೂ ತಗ್ಗದೆ ಏರುತ್ತಲೇ ಹೋಗಿ ಡ್ರಮ್ಮನ್ನು ಸೇರಲಿ. ಬಿಸಿನೀರು ಹಗುರವಾದ್ದರಿಂದ ಪಂಪಿಲ್ಲದೆಯೇ ಸುತ್ತುತ್ತದೆ. ನಡುವೆ ಎಲ್ಲಿಯೂ ವಾಲ್ವ್ ಹಾಕಬೇಡಿ. ನೀರಿನ ಮಟ್ಟ ಬಿಸಿ ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಈ ಸುತ್ತಾಟ ನಿಂತು ಸುರುಳಿಯೊಳಗೆ ನೀರು ಕುದಿಯತೊಡಗುತ್ತದೆ. ಆದ್ದರಿಂದ ನಲ್ಲಿಯನ್ನು ಆ ಬಾಯಿಗಿಂತ ಮೇಲೆಯೇ ಕೂರಿಸಬೇಕು.

ಉತ್ತರ (ಮೂಡುಬಿದಿರೆ):
ಸುರುಳಿಯೇ ಬೇಡವೆಂಬುದು ನನ್ನ ಅಭಿಪ್ರಾಯ. ಉರಿಯ ನಡುವೆ ತಣ್ಣೀರಿನ ಕೊಳವೆಯಿದ್ದರೆ ಜ್ವಾಲೆಯ ಕಾವು ಕುಗ್ಗಿ, ಸೌದೆ ಪೂರ್ತಿ ಉರಿಯದೆ ಹೊಗೆಯೂ ಮಸಿಯೂ ಹೆಚ್ಚುತ್ತವೆ. ಮಳೆಗಾಲದ ಹಸಿ ಸೌದೆಯಾದರಂತೂ ಕೇಳುವುದೇ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಕ್ರಮ ನಿಮಗೆ ಹೊಂದುತ್ತದೆ: ಜಾಲರಿಯ ಮೇಲೆ ಬೆಂಕಿ, ಅದರ ಮೇಲೆ ಅನ್ನದ ಪಾತ್ರೆ, ಬಿಸಿ ಹೊಗೆ ಚಿಮಣಿಯತ್ತ ಸಾಗುವ ದಾರಿಯಲ್ಲಿ ಮುಂದಿನ ಪಾತ್ರೆ. ಆ ಎರಡನೆಯ ಜಾಗದಲ್ಲಿ ನಿಮ್ಮ ಹಂಡೆಯನ್ನು ಕುತ್ತಿಗೆಯವರೆಗೆ ಇಳಿಸಿ, ಸುತ್ತಲೂ ಬಿಸಿ ಹೊಗೆ ಆಡುವಷ್ಟು ಸಂದು ಬಿಡಿ. 40 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 3.3 ಮೆಗಾಜೂಲ್ ಶಾಖ ಸಾಕು. ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 16 ಮೆಗಾಜೂಲ್ ಇರುತ್ತದೆ. ನೀವು ಈಗ ಸುಮ್ಮನೆ ಹೊರಬಿಡುತ್ತಿರುವ ಕಾವು ಸಣ್ಣದೇನಲ್ಲ.

ಕೆಂಪುಕಲ್ಲು ಹೊರಗೋಡೆಗಿರಲಿ. ಉರಿ ತಾಗುವ ಒಳಮೈಗೆ ಸುಟ್ಟ ಇಟ್ಟಿಗೆಯನ್ನು ಆವೆಮಣ್ಣಿನಲ್ಲಿ ಕಟ್ಟಿಸಿ. ಸಿಮೆಂಟು ಕಾವಿಗೆ ಬಿರಿಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಡ್ರಮ್ಮಿನ ಯೋಚನೆಯನ್ನು ಬಿಟ್ಟು ಹಂಡೆಯನ್ನೇ ಕೂರಿಸುತ್ತೇನೆ. ನಾವು ಹೆಚ್ಚಾಗಿ ಮಡಲು, ಗೆರಟೆಗಳನ್ನೇ ಉರಿಸುವುದು. ಹೊಗೆಯ ದಾರಿಯಲ್ಲಿ ಮಸಿ ಕಟ್ಟಿದರೆ ಏನು ಮಾಡಬೇಕು?

ಉತ್ತರ (ಮೂಡುಬಿದಿರೆ):
ಚಿಮಣಿಯ ಬುಡದಲ್ಲಿ ಒಂದು ಇಟ್ಟಿಗೆಯನ್ನು ಮೆತ್ತದೆ ಹಾಗೆಯೇ ಇಡಿಸಿ. ಅದನ್ನು ಎಳೆದು ಆಗಾಗ ಮಸಿ ಗೋರಬಹುದು. ಹಂಡೆಯ ಹೊರಮೈಯನ್ನೂ ಉಜ್ಜುತ್ತಿರಿ, ಮಸಿಯ ಪದರ ಕಾವನ್ನು ತಡೆಯುತ್ತದೆ. ಅನ್ನಕ್ಕೆ ಬೆಂಕಿ ಹಚ್ಚುವ ಮೊದಲೇ ಹಂಡೆಯಲ್ಲಿ ನೀರು ತುಂಬಿರಬೇಕೆಂದು ಮನೆಯವರೆಲ್ಲರಿಗೂ ಹೇಳಿಡಿ.