ಪಿಥಿಯಾ 8: ಝಡ್ ಇವೆಂಟ್‌ನಲ್ಲಿ ಕಣಗಳ ಎಣಿಕೆ ಕಮ್ಮಿ ಬರುತ್ತಿದೆ

ಹಾಸನ_ಎಂಎಸ್ಸಿ: ತಲೆ ಕೆಟ್ಟುಹೋಗಿದೆ. ಕಣಗಳ ಡಿಕ್ಕಿಯನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಪಿಥಿಯಾ ಪ್ರೋಗ್ರಾಂ ಓಡಿಸುತ್ತಿದ್ದೇನೆ. ಎಲೆಕ್ಟ್ರಾನ್-ಪಾಸಿಟ್ರಾನ್ ಡಿಕ್ಕಿ, ಝಡ್ ಬೋಸಾನ್ ಕಣ ಹುಟ್ಟುವ ಶಕ್ತಿ, 91.2 ಜಿಇವಿ. ಇವೆಂಟ್‌ಗೆ, ಅಂದರೆ ಒಂದು ಡಿಕ್ಕಿಗೆ, ಸರಾಸರಿ 21 ಚಾರ್ಜ್ ಇರುವ ಕಣ ಬರಬೇಕು, ಸರ್ನ್‌ನ ಹಳೇ ಕೊಲೈಡರ್ ಎಲ್‌ಇಪಿಯಲ್ಲಿ ಅಳೆದಿದ್ದೂ ಅಷ್ಟೇ. ನನ್ನದು 14 ದಾಟುತ್ತಿಲ್ಲ. ಸೆಟ್ಟಿಂಗ್ ಎಲ್ಲಾ ಸರಿಯಾಗೇ ಇದೆ. ನಾಡಿದ್ದು ಸೆಮಿನಾರ್. ಯಾರಾದರೂ ಹೇಳಿ, ಪ್ಲೀಸ್.

ಬೇಲೂರು_ಮೇಷ್ಟ್ರು: ಶವರ್‌ನ (ಕ್ವಾರ್ಕ್‌ಗಳು ಗ್ಲೂವಾನ್ ಬಿಟ್ಟು ಕವಲೊಡೆಯುವ ಹಂತ) ಆಲ್ಫಾ ಎಸ್, ಅಂದರೆ ಕ್ವಾರ್ಕ್‌ಗಳನ್ನು ಹಿಡಿದಿಡುವ ಬಲದ ಅಳತೆ, ಎಷ್ಟು ಇಟ್ಟಿದ್ದೀರಮ್ಮ?

ಹಾಸನ_ಎಂಎಸ್ಸಿ: 0.118 ಸರ್. ಪುಸ್ತಕದಲ್ಲಿ ಇರುವುದೇ.

ಬೇಲೂರು_ಮೇಷ್ಟ್ರು: ಅಲ್ಲೇ ಇದೆ ನೋಡಿ. ಪಿಥಿಯಾ ಶವರ್‌ಗೆ ಡೀಫಾಲ್ಟ್ 0.1365. ಎಲ್‌ಇಪಿ ಡೇಟಾಗೆ ಹೊಂದಿಸಿ ಇಟ್ಟ ಸಂಖ್ಯೆ ಅದು. ಕ್ವಾರ್ಕ್ ಗ್ಲೂವಾನ್ ಬಿಡುತ್ತಾ ಹೋದ ಹಾಗೆ ಸ್ಕೇಲ್ ಇಳಿಯುತ್ತದೆ, ಬಲ ಏರುತ್ತದೆ, ಕವಲು ಜಾಸ್ತಿ ಆಗುತ್ತದೆ. ಶುರುವಿನಲ್ಲೇ ಕಮ್ಮಿ ಇಟ್ಟರೆ ಕವಲೂ ಕಮ್ಮಿ.

ಮೂಡಿಗೆರೆ_ಲಿನಕ್ಸ್: ಕಂಪೈಲರ್ ಯಾವುದು? ಹಳೇ ಜಿಸಿಸಿ ಇದ್ದರೆ ಮೊದಲು ಅದನ್ನು ಬದಲಾಯಿಸಿ. ನಮ್ಮ ತೋಟದ ಮನೆಯಲ್ಲಿ ಡೆಸ್ಕ್‌ಟಾಪ್‌ಗೆ 32 ಜಿಬಿ ರ‍್ಯಾಮ್ ಹಾಕಿ, ಇನ್ವರ್ಟರ್‌ಗೆ ಎರಡು ಬ್ಯಾಟರಿ ಕೊಟ್ಟಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ರನ್ ನಿಲ್ಲುವುದಿಲ್ಲ.

ಬೇಲೂರು_ಮೇಷ್ಟ್ರು: ಕಂಪೈಲರ್‌ಗೂ ಇದಕ್ಕೂ ಏನ್ರೀ ಸಂಬಂಧ? ಸುಮ್ನೆ ಹುಡುಗಿಯ ಟೈಮ್ ಹಾಳು.

ಹಾಸನ_ಎಂಎಸ್ಸಿ: 0.1365 ಹಾಕಿದೆ ಸರ್. 15ರ ಹತ್ತಿರ ಬಂತು, ಅಷ್ಟೇ.

ಬೇಲೂರು_ಮೇಷ್ಟ್ರು: ಹಾಗಾದರೆ 0.15 ಇಟ್ಟು ನೋಡಿ. ದಾರಿ ಸರಿಯಾಗಿದೆ.

ಸಕಲೇಶಪುರ_ಜೆಟ್: ಬೇಡ ಸರ್. ಎಣಿಕೆ ಕೂಡಿಸಲು ಅದನ್ನು ತಿರುಗಿಸಿದರೆ ಮೂರು ಜೆಟ್ (ಒಂದೇ ದಿಕ್ಕಿಗೆ ಹಾರುವ ಕಣಗಳ ಗೊಂಚಲು) ಇರುವ ಇವೆಂಟ್‌ಗಳು ವಿಪರೀತ ಆಗುತ್ತವೆ. ಆಲ್ಫಾ ಎಸ್ ಬದಲಾಗುವುದು ಶಕ್ತಿಯ ಲಾಗ್ ಹಿಡಿದು, ನಿಧಾನಕ್ಕೆ. 91 ಜಿಇವಿಯಲ್ಲಿ 0.118 ಇದ್ದದ್ದು 1000 ಜಿಇವಿಗೆ ಹೋದರೂ 0.09ರ ಹತ್ತಿರ ಇರುತ್ತದೆ.

ಆ 15 ನೋಡಿ. 21ರಲ್ಲಿ 70% ಅಂದರೆ 14.7, ಅಲ್ವಾ? ಝಡ್ ಕ್ವಾರ್ಕ್‌ಗಳಾಗಿ ಒಡೆಯುವುದು ಸುಮಾರು 70% ಸಲ ಮಾತ್ರ. 20% ನ್ಯೂಟ್ರಿನೊ. ಮಿಕ್ಕ 10% ಎಲೆಕ್ಟ್ರಾನ್, ಮ್ಯೂಆನ್, ಟಾವ್. ಎಲ್‌ಇಪಿಯ 21 ಬರೀ ಹ್ಯಾಡ್ರಾನ್ ಇವೆಂಟ್‌ಗಳದ್ದು, ಅಂದರೆ ಝಡ್ ಕ್ವಾರ್ಕ್‌ಗಳಾಗಿ ಒಡೆದವುಗಳದ್ದು. ‘23:ಆನ್‌ಮೋಡ್ = ಆಫ್’, ಅದರ ಕೆಳಗೆ ‘23:ಆನ್‌ಇಫ್‌ಎನಿ = 1 2 3 4 5’ ಇದೆಯಾ? 23 ಅಂದರೆ ಝಡ್, 1ರಿಂದ 5 ಕ್ವಾರ್ಕ್‌ಗಳು. ಇವೆಂಟ್ ಲಿಸ್ಟ್ ಪ್ರಿಂಟ್ ಮಾಡಿ.

ಹಾಸನ_ಎಂಎಸ್ಸಿ: ಮೊದಲ ಇವೆಂಟ್‌ನಲ್ಲೇ 23ರ ಕೆಳಗೆ 14, -14! ಮ್ಯೂಆನ್ ನ್ಯೂಟ್ರಿನೊ ಜೋಡಿ, ಬೇರೆ ಏನೂ ಇಲ್ಲ. ಎರಡು ಲೈನ್ ಸೇರಿಸಿದೆ, 20.8 ಬಂತು. ತುಂಬಾ ಥ್ಯಾಂಕ್ಸ್ ಅಣ್ಣ.

ಬೇಲೂರು_ಮೇಷ್ಟ್ರು: 0.1365 ಹಾಗೇ ಇರಲಿ. ವಾಪಸ್ 0.118 ಮಾಡಿದರೆ ಮತ್ತೆ ಇಳಿಯುತ್ತದೆ, ಬೇಕಾದರೆ ನೋಡಿ.

ಸಕಲೇಶಪುರ_ಜೆಟ್: ಅದು ನಿಜ ಸರ್. ಕೆ-ಶಾರ್ಟ್, ಲ್ಯಾಂಬ್ಡಾ ಕಣಗಳು ಒಡೆಯುವುದನ್ನೂ ಆಫ್ ಮಾಡಬೇಡಿ. ಅವುಗಳಿಂದ ಬಂದ ಪಯಾನ್‌ಗಳೂ ಆ 21ರಲ್ಲಿ ಸೇರಿವೆ. ಮೂಡಿಗೆರೆಯವರೇ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?